ಕಣ್ಣಿಗೆ ಬೀಳದ ಅಳತೆ

ಸಿಂಧನೂರಿನಿಂದ ಮಸ್ಕಿಯ ಮೂಲಕ ಲಿಂಗಸುಗೂರಿಗೆ ಸಾಗುವ ರಸ್ತೆಯಲ್ಲಿ ಟ್ರ್ಯಾಕ್ಟರ್ ದುರಸ್ತಿಯ ಗ್ಯಾರೇಜುಗಳಿಗೆ ಬರವಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಈ ಸೀಮೆಗೆ ಭತ್ತವನ್ನು ತಂದಿತು, ಭತ್ತವು ಯಂತ್ರಗಳನ್ನು ತಂದಿತು, ಯಂತ್ರಗಳು ನಮ್ಮ ಅನೇಕ ಯುವಕರ ಕೈಗೆ ಸ್ಪ್ಯಾನರ್ ಕೊಟ್ಟವು. ನಮ್ಮ ಬಳಿ ಕುರ್‌ಆನ್ ಓದಲು ಕಲಿತವರಲ್ಲೂ ಕೆಲವರು ಇಂದು ಎಂಜಿನ್ ಬಿಚ್ಚಿ ಕಟ್ಟುತ್ತಾರೆ. ಅವರ ಬಳಿ ಕುಳಿತಾಗಲೆಲ್ಲ ನಾವು ಕಣ್ಣಿಟ್ಟು ನೋಡುವುದು ಒಂದೇ ಹಂತವನ್ನು: ಕ್ರ್ಯಾಂಕ್‌ಶಾಫ್ಟಿಗೆ ಬೇರಿಂಗ್ ಕೂರಿಸುವುದನ್ನು.

ಪಿಸ್ಟನ್ನಿನ ಮೇಲುಕೆಳಗಿನ ಓಟವನ್ನು ತಿರುಗುವ ಶಕ್ತಿಯಾಗಿ ಮಾರ್ಪಡಿಸುವ ಈ ದಂಡವು ಓಡುವಾಗ ಲೋಹಕ್ಕೆ ಲೋಹ ತಾಗಿಸಿಕೊಂಡು ತಿರುಗುವುದಿಲ್ಲ. ಬೇರಿಂಗಿನ ಎರಡು ಅರ್ಧವೃತ್ತಗಳಿಗೂ ದಂಡಕ್ಕೂ ನಡುವೆ ಎಣ್ಣೆಯ ತೆಳುಪದರವೊಂದಿದೆ. ಕಂಪನಿಯ ಕೈಪಿಡಿ ಹೇಳುವುದೇ ಅಂತಿಮವಾದರೂ, ಸ್ಥೂಲವಾಗಿ ಆ ಜಾಗ ದಂಡದ ವ್ಯಾಸದ ಸಾವಿರದ ಒಂದು ಪಾಲು; 70 ಮಿ.ಮೀ. ದಂಡಕ್ಕೆ 0.07 ಮಿ.ಮೀ., ಒಂದು ತಲೆಗೂದಲಿನಷ್ಟು. ಅದು ಕಡಿಮೆಯಾದರೆ ಎಣ್ಣೆಗೆ ಎಡೆಯಿಲ್ಲದೆ ಬೇರಿಂಗ್ ಸುಟ್ಟು ದಂಡ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಎಣ್ಣೆ ಸೋರಿ ಒತ್ತಡ ಇಳಿದು ಎಂಜಿನ್ ಬಡಿಯತೊಡಗುತ್ತದೆ.

ಬಲ್ಲ ಕಸುಬುದಾರ ದಂಡವನ್ನು ಮೈಕ್ರೋಮೀಟರಿನಿಂದ ಹಲವು ಕಡೆ ಅಳೆಯುತ್ತಾನೆ, ಏಕೆಂದರೆ ಸವೆತ ಎಲ್ಲೆಡೆ ಒಂದೇ ಸಮನಲ್ಲ, ದುಂಡು ಮೊಟ್ಟೆಯಾಗಿರಬಹುದು. ಸವೆದಿದ್ದರೆ ಲೇಥ್ ಅಂಗಡಿಯಲ್ಲಿ 0.25 ಅಥವಾ 0.50 ಮಿ.ಮೀ. ಅರೆಯಿಸಿ, ಅದೇ ಅಳತೆಯ ಬೇರಿಂಗ್ ತರುತ್ತಾನೆ. ಹೊಸ ಬೇರಿಂಗನ್ನೂ ಅವನು ನಂಬಿ ಬಿಡುವುದಿಲ್ಲ. ಒರೆಸಿದ ದಂಡದ ಮೇಲೆ ಮೇಣದಂಥ ಪ್ಲಾಸ್ಟಿಕ್ ಎಳೆಯನ್ನಿಟ್ಟು, ಕ್ಯಾಪನ್ನು ಟಾರ್ಕ್ ವ್ರೆಂಚಿನಿಂದ ನಿಗದಿತ ಬಿಗಿಗೆ ತಂದು, ದಂಡವನ್ನು ಕದಲಿಸದೆ ಮತ್ತೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಪಟ್ಟಿಗೆ ಹಿಡಿದು ಓದುತ್ತಾನೆ. ಬೇರಿಂಗಿನ ಬೆನ್ನು ಒಣಗಿರಬೇಕು, ಎಣ್ಣೆಯ ರಂಧ್ರಗಳು ಕೂಡಬೇಕು, ಪ್ರತಿ ಕ್ಯಾಪೂ ತನ್ನ ಸಂಖ್ಯೆಯ ಸ್ಥಾನಕ್ಕೇ ಮರಳಬೇಕು.

ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಆದ್ದರಿಂದಲೇ ಬೇರಿಂಗಿನ ಬೆನ್ನಿಗೆ ಕಾಗದವಿಡುವವರೂ ಕ್ಯಾಪಿಗೆ ಅರ ಹಾಕುವವರೂ ಇದ್ದಾರೆ. ಆಗಲೂ ಎಂಜಿನ್ ಹೊರಡುತ್ತದೆ, ಸದ್ದು ಅಡಗುತ್ತದೆ, ಕೂಲಿ ಸಂದಾಯವಾಗುತ್ತದೆ. ಕೊಯ್ಲಿನ ನಡುವೆ ಅದು ನಿಂತಾಗ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಅಲ್ ಮುತಫ್ಫಿಫೀನ್ ಅಧ್ಯಾಯವನ್ನು ನಾವು ತಕ್ಕಡಿ ಹಿಡಿದವರಿಗೆ ಮಾತ್ರ ಓದಿ ಹೇಳುವುದುಂಟು. ಮೈಕ್ರೋಮೀಟರೂ ಒಂದು ತಕ್ಕಡಿಯೇ ಎಂಬುದು ನಮ್ಮ ಅಭಿಮತ. ಪ್ರವಾದಿ(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒದ್ದೆಯನ್ನು ಕಂಡ ಪ್ರಸಂಗ ಭತ್ತದ ಸೀಮೆಯ ನಮಗೆ ಚೆನ್ನಾಗಿ ತಿಳಿಯುತ್ತದೆ. ಮುಚ್ಚಿದ ಎಂಜಿನ್ನಿನೊಳಗೆ ಕೈಯಿಟ್ಟು ನೋಡುವವರಾರು? ಫಿಕ್‌ಹ್ ಇದನ್ನು ಬರಿಯ ಉಪದೇಶಕ್ಕೆ ಬಿಟ್ಟಿಲ್ಲ. ಹಲವರ ಕೆಲಸ ಹಿಡಿಯುವ ಕಸುಬುದಾರನ ಕೈಯಲ್ಲಿರುವ ವಸ್ತು ಅಮಾನತ್ತು ಎಂದರು ಇಮಾಮ್ ಅಬೂ ಹನೀಫಾ(ರ). ಅವನ ತಪ್ಪಿಲ್ಲದೆ ಅದು ನಷ್ಟವಾದರೆ ಹೊಣೆಯಿಲ್ಲ. ಅವರ ಶಿಷ್ಯರಿಬ್ಬರು ಅಲ್ಲಿಯೂ ಹೊಣೆ ಹೊರಿಸಿದರು, ತಪ್ಪಿಸಲಾಗದ ಆಪತ್ತಿಗಷ್ಟೇ ವಿನಾಯಿತಿ. ಆದರೆ ಕಸುಬುದಾರನ ಕೆಲಸದಿಂದಲೇ ವಸ್ತು ಕೆಟ್ಟರೆ ಮೂವರದೂ ಒಂದೇ ಮಾತು: ನಷ್ಟ ತುಂಬಿಕೊಡಬೇಕು. ಮದ್ರಸಗಳಲ್ಲಿ ಓದಿಸುವ ಹಿದಾಯಾ ಗ್ರಂಥ ಕೊಡುವ ಉದಾಹರಣೆ, ಅಗಸನ ಬಡಿತಕ್ಕೆ ಹರಿದ ಬಟ್ಟೆ.

ಕಸುಬುದಾರನೊಬ್ಬನನ್ನೇ ದೂರುವುದೂ ನ್ಯಾಯವಲ್ಲ. ಸಂಜೆಯೊಳಗೆ ಗಾಡಿ ಬೇಕೆಂದು ತಲೆಯ ಮೇಲೆ ನಿಲ್ಲುವವರೂ, ಅರೆಯಿಸುವ ಖರ್ಚು ಬೇಡವೆನ್ನುವವರೂ ನಾವೇ. ಹಟ್ಟಿಯ ಚಿನ್ನದ ಗಣಿಯಿರುವ ಲಿಂಗಸುಗೂರು ತಾಲೂಕಿನವರು ಅಕ್ಕಸಾಲಿಗನ ತಕ್ಕಡಿಯಿಂದ ಕಣ್ಣು ಕೀಳುವುದಿಲ್ಲ. ಗ್ಯಾರೇಜಿನಲ್ಲಿ ಅಳತೆ ಎಷ್ಟೆಂದು ಕೇಳುವುದೂ ಇಲ್ಲ. ಅಳೆಯುವ ವೇಳೆಗೂ ಕೂಲಿ ಕೊಡಬೇಕು. ಹಳೆಯ ಬೇರಿಂಗುಗಳನ್ನು ಕೇಳಿ ಪಡೆಯಿರಿ. ಅವುಗಳ ಬೆನ್ನ ಮೇಲೆ ಅಳತೆ ಅಚ್ಚಾಗಿರುತ್ತದೆ. ಪಿಸ್ಟನ್ ಏರಿಸುವ ಮೊದಲು, ಕ್ಯಾಪುಗಳೆಲ್ಲ ಬಿಗಿಯಾದ ಮೇಲೆ, ದಂಡವನ್ನು ನಿಮ್ಮ ಕೈಯಿಂದಲೇ ಒಂದು ಸುತ್ತು ತಿರುಗಿಸಿ ನೋಡಿ. ಅದು ಎಲ್ಲಿಯೂ ತಡೆಯದೆ ತಿರುಗಬೇಕು.