ತೊಟ್ಟಿಲ ಕೊಂಡಿ

ದಿಲ್ಲಿಯಲ್ಲಿ ದುಡ್ಡು ಕೊಟ್ಟರೆ ಸಿಗದ ವಸ್ತುವೇ ಇಲ್ಲವೆಂದು ಹೇಳುವವರುಂಟು. ಒಂಬತ್ತು ವರ್ಷಗಳಿಂದ ಇಲ್ಲಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವ ನಾವೂ ಹಾಗೆಯೇ ನಂಬಿದ್ದೆವು. ಜೋಳದ ಹಿಟ್ಟು, ಗುರೆಳ್ಳು ಚಟ್ನಿಪುಡಿ, ಧಾರವಾಡದ ಪೇಡೆ, ಎಲ್ಲವೂ ಇಲ್ಲಿ ಹುಡುಕಿದರೆ ಸಿಗುತ್ತವೆ. ಆದರೆ ಹೋದ ವರ್ಷ ಮಾರ್ಗಶಿರ ಮಾಸದಲ್ಲಿ ನಮಗೆ ಬೇಕಾದದ್ದು ಒಂದು ಗೇಣುದ್ದದ ಕಬ್ಬಿಣದ ಕೊಂಡಿ. ಮೈಸೂರಿನ ಕಡೆಯವರು ಇದನ್ನು ಕೊಕ್ಕೆಯೆನ್ನುತ್ತಾರೆ. ಅದು ಸಿಗಲಿಲ್ಲ, ಮಾಡಿಸಬೇಕಾಯಿತು. ಆ ಕಥೆಯನ್ನು ನಮ್ಮ ಸಂಘದ ಬಂಧುಗಳಿಗೆ ಹೇಳುವುದಕ್ಕಾಗಿ ಇಷ್ಟು ಬರೆದಿದ್ದೇವೆ. ‘ನಾವು’ ಎಂದು ಬರೆಯುವುದು ದೊಡ್ಡಸ್ತಿಕೆಯಿಂದಲ್ಲ. ಸಂಸಾರಸ್ಥನಾದ ಗುಮಾಸ್ತ ತಾನೊಬ್ಬನೇ ಮಾಡಿದ ಕೆಲಸವೆಂಬುದು ಲೋಕದಲ್ಲಿ ಇಲ್ಲ.

ನಮಗೆ ಹೆಣ್ಣು ಕೂಸು ಹುಟ್ಟಿತು. ಸುದ್ದಿ ತಿಳಿದ ಮರುದಿನವೇ ನಮ್ಮ ಅವ್ವ ಹುಬ್ಬಳ್ಳಿಯ ಅಣ್ಣನ ಮನೆಯಿಂದ ಹೊರಟು, ಎರಡು ರಾತ್ರಿ ರೈಲಿನಲ್ಲಿ ಕುಳಿತು ಬಂದಳು. ಜೊತೆಗೆ ಕೌದಿಯಲ್ಲಿ ಸುತ್ತಿದ ಕಲಘಟಗಿಯ ತೊಟ್ಟಿಲು. ಸಾಗುವಾನಿಯ ಹಲಗೆ, ಅರಗಿನ ಬಣ್ಣ, ಮೇಲೆ ಕೃಷ್ಣಲೀಲೆಯ ಚಿತ್ರ. ನಮ್ಮ ಅಪ್ಪ ಅದರಲ್ಲಿ ಮಲಗಿದ್ದ, ನಾವೂ ಮಲಗಿದ್ದೆವು. ಬೆಣ್ಣೆ ಕದಿಯುತ್ತಿರುವ ಕೃಷ್ಣನ ಮೂಗನ್ನು ನಮ್ಮ ಅಣ್ಣ ಉಗುರಿನಿಂದ ಕೆರೆದು ಹಾಕಿದ್ದಾನೆಂಬ ದೂರು ಇಂದಿಗೂ ಮನೆಯಲ್ಲಿದೆ. ಇಂಥ ತೊಟ್ಟಿಲನ್ನು ಯಾರೂ ತಮ್ಮದೆಂದು ಇಟ್ಟುಕೊಳ್ಳುವುದಿಲ್ಲ. ಬಂಧುಬಳಗದಲ್ಲಿ ಎಲ್ಲಿ ಕೂಸು ಹುಟ್ಟಿತೋ ಅಲ್ಲಿಗೆ ಅದು ಹೋಗುತ್ತದೆ.

ಊರಿನ ಮನೆಯಾಗಿದ್ದರೆ ಚಿಂತೆಯಿರಲಿಲ್ಲ. ಅಲ್ಲಿ ನಡುಮನೆಯ ತೊಲೆಗೆ ಮುತ್ತಜ್ಜನ ಕಾಲದ ಕೊಂಡಿಯಿತ್ತು. ಅಪ್ಪ ತೀರಿಕೊಂಡ ಮೇಲೆ ಆ ಮನೆಯನ್ನು ಮಾರಿದೆವು. ಪಾತ್ರೆ, ಪೆಟ್ಟಿಗೆ, ದೇವರು, ತೊಟ್ಟಿಲು, ಎಲ್ಲವನ್ನೂ ತಂದೆವು. ಕೊಂಡಿ ಮಾತ್ರ ತೊಲೆಯಲ್ಲೇ ಉಳಿಯಿತು. ದಿಲ್ಲಿಯ ಸರಕಾರಿ ವಸತಿಯಲ್ಲಿ ತೊಲೆಯೆಲ್ಲಿಯದು? ನೆತ್ತಿಯ ಮೇಲೆ ಕಾಂಕ್ರೀಟಿನ ಹಲಗೆ. ಅದರ ನಡುವೆ ಫ್ಯಾನಿಗೆಂದು ಹುಗಿದ ಒಂದು ಕಂಬಿ. ಚಳಿಗಾಲವಾದ್ದರಿಂದ ಫ್ಯಾನು ಇಳಿಸಿದೆವು. ಆ ಕಂಬಿಗೂ ತೊಟ್ಟಿಲ ಸರಪಳಿಗೂ ನಡುವೆ, ಇಂಗ್ಲಿಷಿನ ಎಸ್ ಅಕ್ಷರದಂತೆ ಎರಡೂ ಕಡೆ ಬಾಗಿದ ಒಂದು ಕೊಂಡಿ ಬೇಕಾಯಿತು. ಮಾರುಕಟ್ಟೆಯಿಂದ ಬೆಳ್ಳಿಯಂತೆ ಹೊಳೆಯುವುದೊಂದನ್ನು ತಂದು ಸಿಕ್ಕಿಸಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡೆವು.

ಅವ್ವ ಒಪ್ಪಲಿಲ್ಲ. ನಾಮಕರಣದ ದಿನ ತೊಟ್ಟಿಲಲ್ಲಿ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿ, ಆಮೇಲೆ ಕೂಸನ್ನು ಹಾಕುವ ಪದ್ಧತಿ ನಮ್ಮ ಕಡೆ ಉಂಟಷ್ಟೆ. ಹುಡುಗುತನದಲ್ಲಿ ಅದನ್ನು ನೋಡಿ ನಕ್ಕಿದ್ದೆವು. ಬಿ.ಎ. ಆದ ಮೇಲಂತೂ ಅದು ಬರಿಯ ಮೂಢಾಚಾರವೆಂದು ತೀರ್ಮಾನಿಸಿದ್ದೆವು. ಮನೆಯಲ್ಲಿ ಮಿಕ್ಸರಿರುವುದರಿಂದ ಗುಂಡುಕಲ್ಲು ಇರಲಿಲ್ಲ. ಅವ್ವ ಹತ್ತು ಹತ್ತು ಕಿಲೋದ ಎರಡು ಗೋಧಿ ಹಿಟ್ಟಿನ ಚೀಲಗಳನ್ನು ತೊಟ್ಟಿಲಲ್ಲಿಟ್ಟು, ಮೇಲೆ ದುಪ್ಪಟಿ ಹೊದಿಸಿ, ಜೋಗುಳ ಹಾಡುತ್ತ ತೂಗತೊಡಗಿದಳು. ಹತ್ತು ಸಲ ತೂಗಿದ್ದಳೋ ಇಲ್ಲವೋ, ಟಕ್ಕೆಂದು ಒಂದು ಸದ್ದು. ತೊಟ್ಟಿಲು ನೆಲಕ್ಕೆ ಬಿತ್ತು. ಒಂದು ಚೀಲ ಒಡೆದು ಕೋಣೆಯೆಲ್ಲ ಬೆಳ್ಳಗಾಯಿತು.

ಯಾರೂ ಮಾತಾಡಲಿಲ್ಲ. ಒಳಗಿನ ಕೋಣೆಯಿಂದ ಬಾಣಂತಿ, ಕೂಸನ್ನು ಎದೆಗವಚಿಕೊಂಡು, ಬಾಗಿಲಿಗೆ ಬಂದು ನಿಂತಳು. ಅವಳು ನಮ್ಮನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಕೊಂಡಿ ಬಾಗಿರಲಿಲ್ಲ, ನಡುವೆ ತುಂಡಾಗಿತ್ತು. ಹೊಳೆಯುವ ಹೊರಮೈಯೊಳಗೆ ಬೂದುಬಣ್ಣದ ಹರಳು ಹರಳಾದ ಲೋಹ ಕಾಣುತ್ತಿತ್ತು. ಅವ್ವ ಹಿಟ್ಟು ಬಳಿಯುತ್ತ ಇಷ್ಟೇ ಹೇಳಿದಳು: “ಕಮ್ಮಾರನ ಕಡೆ ಹೋಗೂಣು ನಡಿ, ತಮ್ಮಾ.”

ನಾವು ದಿನವೂ ಬಸ್ಸು ಹಿಡಿಯುವ ರಸ್ತೆಯ ಬದಿಯಲ್ಲಿ ಗಾಡಿಯಾ ಲೋಹಾರರ ನಾಲ್ಕಾರು ಸಂಸಾರಗಳಿವೆ. ಇವರು ಮೂಲತಃ ರಾಜಸ್ಥಾನದವರು. ಎತ್ತಿನ ಗಾಡಿಯಲ್ಲೇ ಸಂಸಾರ ಹೂಡಿ ಊರೂರು ತಿರುಗುತ್ತಿದ್ದ ಕಮ್ಮಾರರು. ಈಗ ಎತ್ತುಗಳಿಲ್ಲ. ಹಿತ್ತಾಳೆಯ ಮೊಳೆ ಬಡಿದ ಹಳೆಯ ಗಾಡಿಯೊಂದು ಮಾತ್ರ ಗಾಲಿ ಹುಗಿದುಕೊಂಡು ನಿಂತಿದೆ. ಕುಲುಮೆಯ ಮುಂದೆ ಚಿಮಟ, ಬಾಣಲೆ, ಕೊಡಲಿ, ಕುಡುಗೋಲುಗಳನ್ನು ಹರಡಿ ಮಾರುತ್ತಾರೆ. ಒಂಬತ್ತು ವರ್ಷ ಅವರ ಮುಂದೆಯೇ ಹಾಯ್ದು ಕಚೇರಿಗೆ ಹೋಗಿದ್ದರೂ ಒಂದು ದಿನವೂ ನಿಂತು ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಮುರಿದ ಕೊಂಡಿಯನ್ನು ತೋರಿಸಿದೆವು. ಮುದುಕ ಲೋಹಾರ ಅದನ್ನು ಬೆಳಕಿಗೆ ಹಿಡಿದು, “ಇದು ಬಡಿದದ್ದಲ್ಲ, ಎರಕ ಹೊಯ್ದದ್ದು. ಹೇಳದೆ ಕೇಳದೆ ಮುರಿಯುತ್ತದೆ” ಎಂದ. ಆಮೇಲೆ ಗಳಕ್ಕೆ ತೂಗುಹಾಕಿದ್ದ ಗೊಂಚಲಿನಿಂದ ಒಂದು ಉಕ್ಕಿನ ಕೊಂಡಿಯನ್ನು ಬಿಡಿಸಿ ಕೊಟ್ಟ. ಆಕಾರ ನಮಗೆ ಬೇಕಾದದ್ದೇ. ತುದಿ ಮಾತ್ರ ಸೂಜಿಯಂತೆ ಚೂಪು. ಏಕೆಂದು ಕೇಳಿದರೆ, ಮಾಂಸದಂಗಡಿಯವರು ಕುರಿಯನ್ನು ತೂಗುಹಾಕುವುದಕ್ಕೆ ಒಯ್ಯುತ್ತಾರೆಂದೂ ನೂರು ಕಿಲೋ ತೂಕಕ್ಕೂ ಜಗ್ಗುವುದಿಲ್ಲವೆಂದೂ ಹೇಳಿದ. ನಾವು ಅದನ್ನು ಅವ್ವನಿಗೆ ಕನ್ನಡದಲ್ಲಿ ತಿಳಿಸಿದ್ದೇ ತಪ್ಪಾಯಿತು.

“ಕುರಿ ತೂಗಹಾಕೂ ಕೊಂಡಿಗೆ ನನ್ನ ಮೊಮ್ಮಗಳ ತೊಟ್ಟಿಲಾ? ನಿನಗರ ಬುದ್ಧಿ ಎಲ್ಲಿ ಹೋತೋ!”

ಅವ್ವನಿಗೆ ಹಿಂದಿ ಬಾರದು. ಲೋಹಾರನ ಮುದುಕಿಗೆ ಕನ್ನಡವೆಂಬ ಭಾಷೆಯಿದೆಯೆಂಬುದೇ ಗೊತ್ತಿಲ್ಲ. ಆದರೂ ಅವ್ವ ಎರಡು ಕೈ ಮಡಿಸಿ ತೂಗಿ ತೋರಿಸಿದ ಕೂಡಲೆ ಮುದುಕಿ ನಕ್ಕು, ಗಾಡಿಯ ಅಡಿಯಲ್ಲಿ ಕಟ್ಟಿದ್ದ ಬಟ್ಟೆಯ ಜೋಲಿಯತ್ತ ಬೆರಳು ಮಾಡಿದಳು. ಅದರೊಳಗೆ ಅವಳ ಮೊಮ್ಮಗುವೊಂದು ನಿದ್ರೆಯಲ್ಲಿತ್ತು. ಅಲ್ಲಿಂದ ಮುಂದೆ ನಮ್ಮ ದುಭಾಷಿತನಕ್ಕೆ ಕೆಲಸವೇ ಉಳಿಯಲಿಲ್ಲ.

ಮುದುಕ ಹಳೆಯ ಮೋಟಾರಿನ ಸುರುಳಿ ಸ್ಪ್ರಿಂಗಿನಿಂದ ಬೆರಳು ದಪ್ಪದ ಒಂದು ತುಂಡನ್ನು ಆರಿಸಿದ. ಆರು ವರ್ಷದ ಮೊಮ್ಮಗ ಗಾಳಿಯಂತ್ರದ ಹಿಡಿ ತಿರುಗಿಸತೊಡಗಿದ; ನಮ್ಮೂರಿನ ತಿದಿಯ ಕೆಲಸವನ್ನು ಇಲ್ಲಿ ಅದೇ ಮಾಡುತ್ತದೆ. ಇದ್ದಲಿಯ ನಡುವೆ ಉಕ್ಕು ಮೊದಲು ಮಸಕುಗೆಂಪಾಗಿ, ಆಮೇಲೆ ಕಿತ್ತಳೆಯ ಬಣ್ಣಕ್ಕೆ ತಿರುಗಿತು. ಬಣ್ಣವೇ ಅವನಿಗೆ ಥರ್ಮಾಮೀಟರು. ಕೆಂಪು ಆರಿದ ಮೇಲೆ ಬಡಿದರೆ ಉಕ್ಕು ಬಿರಿಯುತ್ತದೆ. ಬೆಳ್ಳಗಾಗಿ ಕಿಡಿ ಚಿಮ್ಮುವಷ್ಟು ಕಾಯಿಸಿದರೆ ಉಕ್ಕೇ ಸುಟ್ಟುಹೋಗುತ್ತದೆ. ಇವೆರಡರ ನಡುವಣ ಕೆಲವೇ ಕ್ಷಣಗಳಲ್ಲಿ ಮಾಡುವುದೆಲ್ಲವನ್ನೂ ಮಾಡಬೇಕು.

ಮುದುಕ ಇಕ್ಕಳದಿಂದ ಉಕ್ಕನ್ನು ಅಡಿಗಲ್ಲಿನ ಮೇಲಿಟ್ಟು, ಎಡೆಯನ್ನು ಚಿಕ್ಕ ಸುತ್ತಿಗೆಯಿಂದ ಮುಟ್ಟಿ ತೋರಿಸುತ್ತಿದ್ದ. ಅಲ್ಲಿಯೇ ಸಮ್ಮಟಿಗೆಯ ಪೆಟ್ಟು ಬೀಳುತ್ತಿತ್ತು. ಸಮ್ಮಟಿಗೆ ಎತ್ತುತ್ತಿದ್ದವಳು ಮುದುಕಿ! ಇವರಲ್ಲಿ ಭಾರದ ಪೆಟ್ಟು ಹೆಂಗಸರದು. ಲೆಕ್ಕಣಿಕೆ ಹಿಡಿದೇ ಬೆನ್ನುನೋವು ತಂದುಕೊಂಡಿರುವ ನಾವು ಸುಮ್ಮನೆ ನೋಡುತ್ತ ನಿಂತೆವು. ಮೊದಲು ಸುರುಳಿಯನ್ನು ನೆಟ್ಟಗೆ ಮಾಡಿದರು. ಮತ್ತೆ ಕಾಯಿಸಿ ತುದಿಯನ್ನು ಸಣ್ಣಗೆ ಎಳೆದು, ಚೂಪಾಗಿ ಬಿಡದೆ ಹೊರಗಡೆಗೆ ಸುರುಳಿ ಸುತ್ತಿದರು. ಕೂಸಿನ ಕೈಗಾಗಲಿ ತಾಯಿಯ ಸೆರಗಿಗಾಗಲಿ ಅದು ಚುಚ್ಚಬಾರದು. ಮೂರನೆಯ ಕಾವಿಗೆ, ನೆಲದಲ್ಲಿ ನೆಟ್ಟ ಗೂಟಕ್ಕೆ ಒತ್ತಿ ಒಂದು ಬಾಗು. ತಲೆಕೆಳಗು ಮಾಡಿ, ಇನ್ನೊಂದು ತುದಿಗೂ ಅದೇ ಸಂಸ್ಕಾರ. ಫ್ಯಾನಿನ ಕಂಬಿಯ ದಪ್ಪವನ್ನು ನಾವು ದಾರದಲ್ಲಿ ಗಂಟು ಹಾಕಿ ತಂದಿದ್ದೆವು. ಅದಕ್ಕೆ ಸರಿಯಾಗಿ ಬಾಯಿಯನ್ನು ಕಿರಿದು ಮಾಡಿದರು, ತೂಗುವಾಗ ಹಾರಿ ಕಳಚಬಾರದೆಂದು. ಕಡೆಗೆ ಒಂದು ಕಣ್ಣು ಮುಚ್ಚಿ ನೋಡಿ, ಎರಡೂ ಬಾಗು ಒಂದೇ ಗೆರೆಯಲ್ಲಿ ಬರುವಂತೆ ಎರಡು ಪೆಟ್ಟು ಕೊಟ್ಟ. ಒಟ್ಟು ಆರು ಸಲ ಕಾಯಿಸಿದರು.

ಇನ್ನು ನೀರಿನಲ್ಲಿ ಅದ್ದುವನೆಂದು ನಾವು ಬಕೀಟಿನತ್ತ ಸರಿದು ನಿಂತೆವು. ಮುದುಕ ತಲೆಯಲ್ಲಾಡಿಸಿದ. “ಕೊಡಲಿಗೆ ನೀರು ಕುಡಿಸುತ್ತೇವೆ ಬಾಬೂಜಿ, ಅದರ ಬಾಯಿ ಗಡಸಾಗಬೇಕು. ಭಾರ ಹೊರುವುದಕ್ಕೆ ಗಡಸು ಕೂಡದು. ಈ ಉಕ್ಕನ್ನು ನೀರಿಗೆ ಹಾಕಿದರೆ ಗಾಜಿನಂತಾಗುತ್ತದೆ. ತಾನಾಗಿ ಆರಿದರೆ, ಭಾರ ಹೆಚ್ಚಾದಾಗ ಮೊದಲು ಬಾಗಿ ತೋರಿಸುತ್ತದೆ. ನೀವು ನೋಡಿ ಕೂಸನ್ನು ಎತ್ತಿಕೊಳ್ಳಬಹುದು.” ಹೀಗೆಂದು ಕೊಂಡಿಯನ್ನು ಬಿಸಿ ಬೂದಿಯಲ್ಲಿ ಹುಗಿದುಬಿಟ್ಟ. ಆರುವುದಕ್ಕೆ ಸಾಯಂಕಾಲವಾಗಬೇಕು.

ಕಾಯುತ್ತ ಕುಳಿತಾಗ ಅವ್ವನ ಕಣ್ಣಿಗೆ ಗಾಡಿಯ ಮೇಲೆ ಬೋರಲು ಹಾಕಿದ್ದ ಮಂಚ ಬಿತ್ತು. “ಮಂಚ ಯಾಕ ತಲಿಕೆಳಗ ಐತಿ, ಕೇಳೋ” ಎಂದಳು. ಕೇಳಿದೆವು. 1568ರಲ್ಲಿ ಚಿತ್ತೋರಗಢ ಅಕ್ಬರನ ಸೈನ್ಯಕ್ಕೆ ಸೋತಾಗ, ಅಲ್ಲಿ ಆಯುಧ ಮಾಡುತ್ತಿದ್ದ ತಮ್ಮ ಹಿರಿಯರು ಊರು ಬಿಟ್ಟರೆಂದು ಇವರು ಪರಂಪರೆಯಿಂದ ಹೇಳುತ್ತ ಬಂದಿದ್ದಾರೆ. ಕೋಟೆ ಮರಳಿ ಸಿಗುವವರೆಗೆ ಸೂರಿನ ಕೆಳಗೆ ಇರುವುದಿಲ್ಲ, ಮಂಚದ ಮೇಲೆ ಮಲಗುವುದಿಲ್ಲ, ರಾತ್ರಿ ದೀಪ ಹಚ್ಚುವುದಿಲ್ಲ, ಬಾವಿಯ ನೀರಿಗೆ ಹಗ್ಗ ಇಟ್ಟುಕೊಳ್ಳುವುದಿಲ್ಲ ಎಂದು ಆಣೆ ಮಾಡಿದರಂತೆ. 1955ರಲ್ಲಿ ಪ್ರಧಾನಿ ನೆಹರೂ ಅವರು ಇವರ ಜನರನ್ನು ಮೆರವಣಿಗೆಯಲ್ಲಿ ಚಿತ್ತೋರಿನ ಕೋಟೆಯೊಳಕ್ಕೆ ಕರೆದುಕೊಂಡು ಹೋದರು. ಅಂದಿಗೆ ಆಣೆ ತೀರಿತು. ಹಾಗಾದರೆ ಮನೆ ಸಿಕ್ಕಿತೆ ಎಂದೆವು. ಮುದುಕಿ ನೆಲಗಟ್ಟನ್ನು ಕಾಲಿನಿಂದ ತಟ್ಟಿ ತೋರಿಸಿ ನಕ್ಕಳು.

ನಾವು ಸರಕಾರಿ ನೌಕರರೆಂದು ತಿಳಿದ ಮೇಲೆ, ಆಕೆ ಪ್ಲಾಸ್ಟಿಕ್ ಚೀಲದಿಂದ ಮಡಿಸಿದ ಒಂದು ಕಾಗದ ತೆಗೆದಳು. ಗಾಳಿಯಂತ್ರ ತಿರುಗಿಸುತ್ತಿದ್ದ ಹುಡುಗನನ್ನು ಶಾಲೆಗೆ ಸೇರಿಸುವ ಅರ್ಜಿ. ‘ಶಾಶ್ವತ ವಿಳಾಸ’ದ ಮುಂದಿನ ಜಾಗ ಖಾಲಿಯಿತ್ತು, ವಯಸ್ಸಿನ ದಾಖಲೆಯೂ ಇರಲಿಲ್ಲ. ಅರ್ಜಿ ಅಪೂರ್ಣವೆಂದು ಯಾರೋ ನಮ್ಮಂಥವರೇ ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದ್ದರು. ಆ ಕೆಂಪಕ್ಷರವನ್ನು ನೋಡಿ ನಮಗೆ ಮುಜುಗರವಾಯಿತು. ಈ ಕೈಯಿಂದಲೇ ಇಂಥ ಎಷ್ಟು ಅರ್ಜಿಗಳನ್ನು ಹಿಂದಿರುಗಿಸಿಲ್ಲ! ನಮ್ಮ ಸೇವಾ ಪುಸ್ತಕದಲ್ಲಿ ‘ಶಾಶ್ವತ ವಿಳಾಸ’ವೆಂದು ಬರೆದಿರುವುದು ಯಾವುದು? ಮಾರಿಹೋದ ಆ ಮನೆಯೇ. ಅದನ್ನು ಅಪೂರ್ಣವೆಂದು ಯಾರೂ ನಮಗೆ ಹಿಂದಿರುಗಿಸಿಲ್ಲ.

ಬೂದಿಯಲ್ಲಿ ಕೊಂಡಿ ಆರುವಷ್ಟರಲ್ಲಿ ಹೊಸ ಅರ್ಜಿ ಬರೆದೆವು. ವಿಳಾಸದ ಜಾಗದಲ್ಲಿ ಬಸ್ ನಿಲ್ದಾಣದ ಹೆಸರು ಬರೆದು, ‘ಅದರ ಎದುರಿಗೆ ಲೋಹಾರರ ಗಾಡಿಗಳ ಸಾಲು’ ಎಂದು ಸೇರಿಸಿದೆವು. ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಮಗುವಿಗೆ ಪ್ರವೇಶ ನಿರಾಕರಿಸಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯ 14ನೆಯ ಕಲಮು ಹೇಳುತ್ತದೆ. ಅದನ್ನೂ ಅಡಿಯಲ್ಲಿ ಕಾಣಿಸಿದೆವು. ಏಪ್ರಿಲ್‌ನಲ್ಲಿ ಅರ್ಧ ದಿನದ ರಜೆ ಹಾಕಿ ಅವರ ಜೊತೆ ಶಾಲೆಗೂ ಹೋದೆವು. ಹುಡುಗನಿಗೆ ಪ್ರವೇಶ ಸಿಕ್ಕಿತು. ಕೊಂಡಿಗೆ ಮುದುಕ ಕೇಳಿದ್ದು ನೂರೈವತ್ತು ರೂಪಾಯಿ. ಅರ್ಜಿಗೆಂದು ಅದರಲ್ಲಿ ಐವತ್ತು ಬಿಡಲು ಬಂದ. ಅವ್ವ ಬಿಡಗೊಡಲಿಲ್ಲ.

ಮನೆಗೆ ತಂದು ಸಿಕ್ಕಿಸಿದೆವು. ಕಪ್ಪು ಕೊಂಡಿ, ಮೈಮೇಲೆ ಸುತ್ತಿಗೆಯ ಗುರುತು, ಹೊಳಪೆಂಬುದಿಲ್ಲ. ಹಿಟ್ಟಿನ ಚೀಲ ಇಟ್ಟು ತೂಗಿದ್ದಾಯಿತು. ಅವ್ವನಿಗೆ ಸಮಾಧಾನವಿಲ್ಲ.

“ಹಿಟ್ಟಿಗೆ ಜೀವ ಇರೂದಿಲ್ಲ, ತಮ್ಮಾ. ನೀನ ಜೋತಬೀಳು, ನೋಡೂಣು.”

ಹೀಗೆ ಅರವತ್ತೆಂಟು ಕಿಲೋ ತೂಕದ ಒಬ್ಬ ಸರಕಾರಿ ಗುಮಾಸ್ತ ತನ್ನ ವಸತಿಯ ನಡುಮನೆಯಲ್ಲಿ, ಸರಪಳಿ ಹಿಡಿದು, ಕಾಲು ಮಡಚಿ ಬಾವಲಿಯಂತೆ ಜೋತುಬಿದ್ದ. ಕೊಂಡಿ ಮಿಸುಕಲಿಲ್ಲ. ಎಷ್ಟೋ ದಿನಗಳ ಮೇಲೆ ಬಾಣಂತಿ ಬಾಯ್ತುಂಬ ನಕ್ಕಳು. ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಸಂಜೆ ಅವ್ವ ತಾನೇ ಪೇಡೆಯ ಪೆಟ್ಟಿಗೆ ಹಿಡಿದು ಲೋಹಾರರ ಗಾಡಿಯತ್ತ ಹೋಗಿಬಂದಳು.

ಈಗ ಮಗಳು ಗೋಡೆ ಹಿಡಿದು ನಡೆಯುತ್ತಾಳೆ. ತೊಟ್ಟಿಲಿಗೆ ಪುಣೆಯಿಂದ ಕರೆ ಬಂದಿದೆ. ನಮ್ಮ ಚಿಕ್ಕಪ್ಪನ ಮಗಳಿಗೆ ದಿನ ತುಂಬಿದೆ. ಈ ಸಲ ಕೊಂಡಿಯನ್ನೂ ಸರಪಳಿಗೆ ಕಟ್ಟಿ ಜೊತೆಗೇ ಕಳಿಸುತ್ತಿದ್ದೇವೆ, ಅದು ಹಿಂದೆ ಉಳಿಯಬಾರದೆಂದು. ಒಂದು ಚೀಟಿಯನ್ನೂ ಇಟ್ಟಿದ್ದೇವೆ: ‘ಮೊದಲು ಗುಂಡುಕಲ್ಲು ಹಾಕಿ ತೂಗಿರಿ. ಕಲ್ಲಿಲ್ಲದಿದ್ದರೆ ಅಳಿಯಂದಿರು ಜೋತುಬೀಳಲಿ.’