ದಿಲ್‌ಸುಖ್‌ನಗರದ ಪಕ್ಕದಲ್ಲೇ

ದಿಲ್‌ಸುಖ್‌ನಗರ ಅಂದರೆ ಕೋಚಿಂಗ್ ಬೋರ್ಡು, ಪಿಜಿ ಹಾಸ್ಟೆಲ್ಲು, ತಲೆಯ ಮೇಲೆ ಮೆಟ್ರೊ. ಬೆಳಿಗ್ಗೆ ಹತ್ತಿ ಅಮೀರ್‌ಪೇಟೆಯಲ್ಲಿ ಬದಲಿಸಿ ಹೈಟೆಕ್ ಸಿಟಿಗೆ ಹೋಗುವ ನನಗೆ, ಪಕ್ಕದ ಸಂತೋಷ್‌ನಗರದಲ್ಲಿ ಒಣಬೇಸಾಯದ ಕೇಂದ್ರೀಯ ಸಂಶೋಧನಾ ಸಂಸ್ಥೆ ‘ಕ್ರಿಡಾ’ 1985ರಿಂದ ಇದೆ ಎಂದು ತಿಳಿದದ್ದು ವಿಜಯಪುರದಿಂದ ಅಪ್ಪ ಬಂದಾಗಲೇ.

ಆ ವರ್ಷ ಹಿಂಗಾರಿ ಗೋಧಿ, ಜೋಳ ಎರಡೂ ಕೈಕೊಟ್ಟಿದ್ದವು. ಕಾಳು ಕಟ್ಟುವ ಹೊತ್ತಿಗೆ ಬಿಸಿಲು ಏರಿದರೆ ಗೋಧಿ ಅವಸರದಲ್ಲಿ ಮಾಗುತ್ತದೆ, ಕಾಳು ಜೊಳ್ಳಾಗುತ್ತದೆ. “ಎರಡು ಎಕರೆ ಮಾರಿಬಿಡ್ಲೇನ?” ಎಂದು ಕೇಳಲು ಬಂದಿದ್ದರು.

ಉತ್ತರ ಹೊಳೆಯದೆ ಭಾನುವಾರ ಅವರನ್ನು ಆಟೊದಲ್ಲಿ ಕ್ರಿಡಾಕ್ಕೆ ಕರೆದೊಯ್ದೆ. ರಜೆ. ಗೇಟಿನ ಹೊರಗೇ ನಿಂತು ಮೊಬೈಲಿನಲ್ಲಿ ಓದಿ ಹೇಳಿದೆ: ಮೇಲೆ ತೆರೆದ ಪ್ಲಾಸ್ಟಿಕ್ ಕೋಣೆಗಳಲ್ಲಿ ಬೆಳೆಗೆ 550 ಪಿಪಿಎಂ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ, ಇನ್ನೊಂದೆಡೆ ಬಯಲಲ್ಲೇ ಹೀಟರ್ ಹಾಕಿ 3 ಡಿಗ್ರಿ ಬಿಸಿ ಏರಿಸುತ್ತಾರೆ. ಅದನ್ನು ತಾಳಿಕೊಂಡು ಕಾಳು ಕಟ್ಟುವ ತಳಿ ಯಾವುದೆಂದು ನೋಡುತ್ತಾರೆ. (ನಮ್ಮ ಲೋಡ್ ಟೆಸ್ಟಿಂಗ್ ಹಾಗೇ ಅನ್ನಿಸಿತು, ಹೇಳಲಿಲ್ಲ.)

“ಇಲ್ಲಿ ಎರಿ ಎಲ್ಲೈತೋ? ಎಲ್ಲಾ ಕೆಂಪ ಮಣ್ಣ,” ಅಂದರು ಅಪ್ಪ.

ನಿಜ. ಹಯಾತ್‌ನಗರದಲ್ಲಿರುವ ಇವರ ಫಾರಂ ಕೂಡ ಕೆಂಪು ಮಣ್ಣಿನದೇ. ನಮ್ಮ ಮಾಲದಂಡಿ ಜೋಳ ಬದುಕುವುದು ಎರೆ ಹಿಡಿದಿಟ್ಟ ತೇವದ ಮೇಲೆ. ಮತ್ತೆ ಓದಿದೆ: ಇವರ ಒಣಬೇಸಾಯ ಯೋಜನೆಯ ಕೇಂದ್ರವೊಂದು ವಿಜಯಪುರದಲ್ಲೂ ಇದೆ, ಹಿಟ್ನಳ್ಳಿಯಲ್ಲಿ.

“ಹಿಟ್ನಳ್ಳಿ ಫಾರಮ್ಮಾ? ಅದರ ಮುಂದನ ಓಡಾಡ್ತೀನಿ. ಒಳಗ ಒಮ್ಮೆನೂ ಹೋಗಿಲ್ಲ ನೋಡು.”

ರಾತ್ರಿ ದಿಲ್‌ಸುಖ್‌ನಗರದಲ್ಲಿ ಬಸ್ ಹತ್ತಿಸಿದೆ. ಎರಡು ಎಕರೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.