ಈ ಸಲ ಯಾವ ನಾಟಕ?

ಹೊಗೆಸೊಪ್ಪಿನ ಹರಾಜು ಮುಗಿದು, ಭತ್ತ ಮನೆ ಸೇರಿ, ಊರಹಬ್ಬದ ದಿನ ಗೊತ್ತಾದ ಮೇಲೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. 'ಈ ಸಲ ಯಾವ ನಾಟ್ಕ ಆಡಾನ?' ಈ ನಾಲ್ಕು ತಾಲ್ಲೂಕುಗಳಲ್ಲಿ ಹಂಚಿಹೋಗಿರುವ ನಾವು ಕೆಲವು ಗೆಳೆಯರು ನಾಟಕದ ಹುಚ್ಚರೆಂದು ಹೆಸರಾಗಿರುವುದರಿಂದ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತದೆ. ನಿಜ ಹೇಳಬೇಕೆಂದರೆ, ಕೇಳುವವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಕುರುಕ್ಷೇತ್ರ.

ಕುರುಕ್ಷೇತ್ರದ ಬಗ್ಗೆ ನಮಗೆ ತಕರಾರಿಲ್ಲ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಶಾಲೆಯ ಜಗಲಿಯಲ್ಲಿ ಕೂತು, ದಿನವಿಡೀ ಉತ್ತು ಬಂದ ರೈತನ ಗಂಟಲಿನಿಂದ ಕಂದಪದ್ಯ ಹೊರಡಿಸುವುದನ್ನು ನೋಡಿದವರು ಯಾರೂ ಅದನ್ನು ಹಳಿಯಲಾರರು. ಪಾರ್ಟು ಬೇಕಾದವರು ದುಡ್ಡು ಕೊಡಬೇಕು. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು, ಸೈನಿಕನಿಗೆ ಕಡಿಮೆ. ಆ ಹಣದಲ್ಲಿ ಸೀನರಿ, ಡ್ರೆಸ್ಸು, ಮೈಕು, ಮೇಷ್ಟ್ರ ಸಂಭಾವನೆ ಎಲ್ಲ ಆಗಬೇಕು. ಸಾಲ ಮಾಡಿ ಕಿರೀಟ ತೊಟ್ಟವರನ್ನು ನಾವು ಬಲ್ಲೆವು. ಇಷ್ಟು ಖರ್ಚು ಮಾಡುವವರಿಗೆ 'ಹೊಸ ನಾಟಕ ಆಡಿ' ಎಂದರೆ ನಗುತ್ತಾರೆ. ಹೊಸದರಲ್ಲಿ ಹಾಡಿಲ್ಲ, ರಾಜನಿಲ್ಲ, ಬಂಧುಗಳ ಮುಂದೆ ಮೆರೆಯಲು ಗದೆಯೂ ಇಲ್ಲ.

ಹಾಗಾದರೆ ಹೊಸದಾಗಿ ಬರೆಯುವ ಹುಡುಗ ಹುಡುಗಿಯರು ಎಲ್ಲಿಗೆ ಹೋಗಬೇಕು? ಮೈಸೂರಿನಲ್ಲಿ 1989ರಿಂದ ರಂಗಾಯಣವಿದೆ, 2001ರಿಂದ ಬಹುರೂಪಿ ಉತ್ಸವ ನಡೆದುಬಂದಿದೆ. ನಾವೂ ಹೋಗಿದ್ದೇವೆ, ಕೊನೆಯ ದೃಶ್ಯದ ಹೊತ್ತಿಗೆ ಕೋಟೆಯ ಬಸ್ಸಿನ ಚಿಂತೆಯಲ್ಲಿ ಅರ್ಧ ಎದ್ದು ನಿಂತಿದ್ದೇವೆ. ಆದರೆ ಪಟ್ಟಣಕ್ಕೆ ಹೋಗಿ ನೋಡುವುದು ಬೇರೆ, ನಮ್ಮೂರಿನಲ್ಲಿ ನಮ್ಮದನ್ನು ಆಡುವುದು ಬೇರೆ.

ಕೆಲವು ವರ್ಷಗಳ ಹಿಂದೆ ಪಿರಿಯಾಪಟ್ಟಣದ ಕಡೆಯ ಹುಡುಗನೊಬ್ಬ ಒಂದು ನೋಟ್‌ಬುಕ್ ತಂದ. ಒಂದೇ ಬ್ಯಾರನ್, ಐದು ರಾತ್ರಿ, ಮೂರು ಪಾತ್ರ. ಸೊಪ್ಪು ಹದವಾಗುವ ತನಕ ಒಲೆಯ ಬೆಂಕಿ ಆರಬಾರದು, ಹೆಚ್ಚೂ ಆಗಬಾರದು. ಕಾಸಿಂ ಸೌದೆ ನೂಕುತ್ತಾನೆ, ಹೆಂಡತಿ ಜುಲೇಖಾ ಕಡ್ಡಿಗೆ ಪೋಣಿಸಲು ಉಳಿದ ಸೊಪ್ಪು ಹಿಡಿದು ಕೂತಿದ್ದಾಳೆ, ಮಗಳು ಕಾಲೇಜಿನ ಫೀಜು ಕಟ್ಟುವ ಕೊನೆಯ ದಿನವನ್ನು ಎಣಿಸುತ್ತಿದ್ದಾಳೆ. ಐದನೇ ರಾತ್ರಿ ಅಪ್ಪನಿಗೆ ನಿದ್ದೆ ಹತ್ತುತ್ತದೆ. ಅಷ್ಟೇ ನಾಟಕ. ಓದಿ ಮುಗಿಸಿದಾಗ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಒಂದು ಯುವಕ ಸಂಘ ಆಡಲು ಒಪ್ಪಿತು, ಒಂದು ಷರತ್ತಿನ ಮೇಲೆ. ಕಾಸಿಂ ಕೆಂಪಯ್ಯನಾಗಬೇಕು. 'ಸುಮ್ನೆ ಯಾಕೆ ತರಲೆ?' ಅತ್ತ ಅವನದೇ ಮೊಹಲ್ಲಾದ ಹಿರಿಯರೊಬ್ಬರು, ನಮ್ಮ ಹೆಣ್ಣುಮಕ್ಕಳ ಹೆಸರನ್ನು ಸ್ಟೇಜಿನ ಮೇಲೆ ತರುವುದೇಕೆ ಎಂದರಂತೆ. ಹುಡುಗ ನಮ್ಮ ಮುಖ ನೋಡಿದ. ನಾವು, ಸಾಹಿತ್ಯ ಸಮಾನತೆ ಎಂದೆಲ್ಲ ಭಾಷಣ ಬಿಗಿಯುವ ನಾವು, 'ಮೊದಲು ನಾಟಕ ಆಗಲಿ, ಹೆಸರು ಆಮೇಲೆ ನೋಡೋಣ' ಎಂದೆವು. ಅವನು ನೋಟ್‌ಬುಕ್ ಮಡಿಸಿ ಎದ್ದುಹೋದ. ಆ ಮಾತು ಆಡಬಾರದಿತ್ತು.

ಕನ್ನಡ ರಂಗಭೂಮಿ ಹೀಗೆ ಹೆದರುತ್ತ ಬೆಳೆದದ್ದಲ್ಲ. ಗುಬ್ಬಿ ಕಂಪನಿಯಲ್ಲಿ ಹೆಸರು ಮಾಡಿದ ಮೊಹಮ್ಮದ್ ಪೀರ್ ಸಾಹೇಬರು ತಮ್ಮದೇ ಚಂದ್ರಕಲಾ ನಾಟಕ ಮಂಡಳಿ ನಡೆಸಿದರು. ಅವರ ಮಂಡಳಿ ರಂಗಕ್ಕೆ ತಂದ ನಾಟಕಗಳಲ್ಲೊಂದು ಎಚ್.ಎಲ್.ಎನ್. ಸಿಂಹರ 'ಸಂಸಾರ ನೌಕ'. ಸಿಂಹರು ಆಗಿನ್ನೂ ಎಳೆಯ ಲೇಖಕರು. ಪೌರಾಣಿಕಗಳ ಕಾಲದಲ್ಲಿ ಕಿರೀಟವಿಲ್ಲದ ಒಂದು ಮನೆಯ ಕಥೆಯನ್ನು ಜನ ನೋಡಿದರು. 1936ರಲ್ಲಿ ಅದು ಕನ್ನಡದ ಮೊದಲ ಸಾಮಾಜಿಕ ಚಲನಚಿತ್ರವೂ ಆಯಿತು. ಹೊಸಬನನ್ನು ನಂಬುವುದಕ್ಕೆ ಒಂದು ಧೈರ್ಯ ಬೇಕು. ಪೀರ್ ಸಾಹೇಬರಿಗೆ ಅದಿತ್ತು.

2022ರ ನವೆಂಬರಿನಲ್ಲಿ ಅಡ್ಡಂಡ ಕಾರ್ಯಪ್ಪನವರ 'ಟಿಪ್ಪು ನಿಜಕನಸುಗಳು' ರಂಗಾಯಣದಲ್ಲಿ ಪ್ರದರ್ಶನಗೊಂಡಾಗ ನಮ್ಮವರು ನೊಂದರು. ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ನ್ಯಾಯಾಲಯದಿಂದ ತಾತ್ಕಾಲಿಕ ತಡೆಯೂ ಬಂತು. ನ್ಯಾಯಾಲಯಕ್ಕೆ ಹೋಗುವ ಹಕ್ಕು ಎಲ್ಲರಿಗೂ ಇದೆ. ಆದರೆ ನಾಟಕಕ್ಕೆ ನಾಟಕವೇ ಉತ್ತರ ಎಂದು ನಾವು ಆಗ ನಂಬಿದ್ದೆವು, ಈಗಲೂ ನಂಬಿದ್ದೇವೆ. ಅದೂ ಟಿಪ್ಪುವಿನ ಮೇಲೆ ಇನ್ನೊಂದು ನಾಟಕವೇ ಆಗಬೇಕಿಲ್ಲ. ರಂಗದ ಮೇಲೆ ಮುಸ್ಲಿಮನೆಂದರೆ ಒಂದೋ ಸುಲ್ತಾನ, ಇಲ್ಲವೇ ತೊದಲುಗನ್ನಡದಲ್ಲಿ ನಗಿಸುವ ಸಾಬಿ. ನಡುವೆ ಬ್ಯಾರನ್ನಿಗೆ ಸೌದೆ ನೂಕುವವನು ಎಲ್ಲಿ?

ಹಾಗಾಗಿ ಈ ಸಲ ಕೇಳಿದವರಿಗೆ ನಮ್ಮ ಉತ್ತರ ಬೇರೆ. ಸಾರಾ ಅಬೂಬಕ್ಕರ್ ಅವರ 1984ರ ಕಾದಂಬರಿ 'ಚಂದ್ರಗಿರಿಯ ತೀರದಲ್ಲಿ', ರೂಪಾ ಕೋಟೇಶ್ವರ ಅವರ ರಂಗರೂಪವಾಗಿ ಬಂದಿದೆ. ತಲಾಖಿನ ಸುಳಿಗೆ ಸಿಕ್ಕ ನಾದಿರಾಳ ಕಥೆ ಅದು. ನಮ್ಮ ಮನೆಯ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನೋಡಬೇಕಾದದ್ದು. ಹಿರಿಯರಿಗೆ ಕಸಿವಿಸಿಯಾದೀತು, ಆಗಲಿ. ಕುರುಕ್ಷೇತ್ರವನ್ನು ಬಿಡಲಾರೆವು ಎನ್ನುವವರು ಶರಣ್ಯ ರಾಮಪ್ರಕಾಶರ 'ಅಕ್ಷಯಾಂಬರ' ಓದಲಿ, ಸಿಕ್ಕರೆ ನೋಡಲಿ. ಯಕ್ಷಗಾನದ ಚೌಕಿಯಲ್ಲಿ ದ್ರೌಪದಿಯ ವೇಷ ಗಂಡಿನದು, ಕೌರವನ ವೇಷ ಹೆಣ್ಣಿನದು. ಸೀರೆ ಸೆಳೆಯುವ ಆ ಹಳೆಯ ಕಥೆ ಅಲ್ಲಿ ಬೇರೆಯೇ ಆಗಿಬಿಡುತ್ತದೆ.

ಮೂರನೆಯದು ಆ ನೋಟ್‌ಬುಕ್. ಕಳೆದ ರಂಜಾನಿನ ನಂತರ ಹುಡುಗನನ್ನು ಹುಡುಕಿಕೊಂಡು ಹೋದೆವು. ಅವನೀಗ ಗೂಡ್ಸ್ ಆಟೋ ಓಡಿಸುತ್ತಾನೆ. ತಪ್ಪಾಯಿತು ಎಂದೆವು. ನಕ್ಕು, ಸೀಟಿನ ಕೆಳಗಿನಿಂದ ಅದನ್ನೇ ತೆಗೆದುಕೊಟ್ಟ. ಎಣ್ಣೆಯ ಕಲೆ ಬಿದ್ದಿದೆ. ಕಾಸಿಂ ಕಾಸಿಮನಾಗಿಯೇ ಇದ್ದಾನೆ. ಈಗ ಆರನೆಯ ರಾತ್ರಿಯೊಂದನ್ನು ಸೇರಿಸಿದ್ದಾನೆ. ಅದರಲ್ಲಿ ಮಗಳು ಒಬ್ಬಳೇ ಬೆಂಕಿ ಕಾಯುತ್ತಾಳೆ.

ದೀಪ, ಪರದೆ ಏನೂ ಇಲ್ಲದೆ, ಹುಣಸೂರಿನ ಗೆಳೆಯರೊಬ್ಬರ ಹಿತ್ತಿಲಿನಲ್ಲಿ ಇದನ್ನು ಗಟ್ಟಿಯಾಗಿ ಓದುವುದೆಂದು ನಿಶ್ಚಯಿಸಿದ್ದೇವೆ. ಜುಲೇಖಾಳ ಮಾತು ಓದಲು ಕೆ.ಆರ್. ನಗರದ ಒಬ್ಬ ಟೀಚರಮ್ಮ ಒಪ್ಪಿದ್ದಾರೆ. ಮಗಳ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.